ಟೆಸ್ಟರ್ ಹೊತ್ತಿದ ರವಿವಾರ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಸವಣೂರಿನ ಎಲೆ ಅಂಗಡಿಯ ಮುಂಗಟ್ಟಿನಲ್ಲಿ, ಅಕ್ಕನ ಬಲಕ್ಕೆ ಎರಡು ಮೊಳ ದೂರದಲ್ಲಿ, ಕಂಬಕ್ಕೆ ಭುಜ ಕೊಟ್ಟು ನಿಂತಿದ್ದೆ. ಮೂರು ವರ್ಷದ ಹಿಂದಿನ ಶ್ರಾವಣ, ಎರಡನೆಯ ರವಿವಾರ, ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪಕ್ಕದ ಟೇಲರ್ ಅಂಗಡಿಯ ಗಡಿಯಾರವನ್ನು ಆಗಷ್ಟೇ ನೋಡಿದ್ದೆ. ಅಕ್ಕನ ಎಡಗೈ ಫ್ರಿಜ್ಜಿನ ಬಾಗಿಲ ಮೇಲಿತ್ತು, ಬಲಗೈ ಮುಂದೆ ಚಾಚಿತ್ತು. ಆ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಒದ್ದೆ. ದಿನವಿಡೀ ಎಲೆಗೆ ನೀರು ಚಿಮುಕಿಸಿ ಅವುಗಳ ತುದಿ ಬೆಳ್ಳಗೆ ನೆರಿಗೆಗಟ್ಟಿತ್ತು.

ನಾನು ವೈರ್‌ಮನ್. ಮನೆ, ಅಂಗಡಿಗಳಿಗೆ ಕರೆಂಟಿನ ಕೆಲಸ ಮಾಡಿಕೊಡುವವನು. ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಊರಿಗೆಲ್ಲ ಅವರು ಎಲೆ ಅಂಗಡಿಯ ಅಕ್ಕ. ವೀಳ್ಯದೆಲೆಯ ಪ್ರತಿಯೊಂದನ್ನೂ ಮುಂದೆ ನೋಡಿ, ಮಗುಚಿ ಹಿಂದೆ ನೋಡಿ ಆಮೇಲೆ ಕಟ್ಟಿಗೆ ಸೇರಿಸುತ್ತಿದ್ದರು. ಮನುಷ್ಯರನ್ನೂ ಹಾಗೆಯೇ. ತೋಟದವರು "ನಿನ್ನೆ ಕೊಯ್ದಿದ್ದು" ಎಂದರೆ ತೊಟ್ಟನ್ನು ಮುರಿದು ನೋಡುವರು. "ಮುಖಾ ಎಲ್ಲಾದೂ ಚಂದ ಇರತೈತಿ. ಬೆನ್ನ ನೋಡಬೇಕ," ಎನ್ನುವರು. ಯಾರನ್ನೂ ನಂಬದ ಹೆಂಗಸು ಎಂದು ನಾವು ನಗುತ್ತಿದ್ದೆವು.

ಆ ವರ್ಷ ಅಕ್ಕನ ಬಾಯಲ್ಲಿ, ಗಲ್ಲದ ಒಳಗೆ ಹುಣ್ಣಾಯಿತು. ಅದು ಕ್ಯಾನ್ಸರ್. ಆಪರೇಷನ್ ಆದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರವಿವಾರ ಬಿಟ್ಟು ದಿನಕ್ಕೊಮ್ಮೆಯಂತೆ ಆರು ವಾರ ಕಿರಣ ಕೊಡಿಸಬೇಕೆಂದರು. ಅದಕ್ಕೆ ನಮ್ಮ ಕಡೆ 'ಕರೆಂಟ್ ಇಡೂದು' ಎನ್ನುತ್ತಾರೆ. ಎಲ್ಲ ಕೇಡೂ ಆ ಹೆಸರಿನಿಂದಲೇ ಬಂತು. ಕರೆಂಟ್ ತಗೊಂಡ ಮೈಯಲ್ಲಿ ಕರೆಂಟ್ ಇರಬೇಕಲ್ಲ? ಎಲೆಯ ವ್ಯಾಪಾರವೋ ಬರೀ ನೀರಿನದು. ಒದ್ದೆ ಕೈಯಿಂದ ಅಕ್ಕ ಕೊಡುವ ಒದ್ದೆ ಎಲೆಯನ್ನು ಜನ ಅನುಮಾನದಿಂದ ನೋಡತೊಡಗಿದರು. ಕೆಲವರು ಕಟ್ಟನ್ನು ಹಲಗೆಯ ಮೇಲೆ ಇಡಿಸಿ, ಕ್ಷಣ ಬಿಟ್ಟು ಎತ್ತಿಕೊಳ್ಳುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು.

ಅಕ್ಕನಿಗೂ ಅನುಮಾನವಿತ್ತು. ಆ ರವಿವಾರಕ್ಕೆ ನಾಲ್ಕು ದಿನ ಮೊದಲು ನನ್ನನ್ನು ಕರೆದು, "ತಮ್ಮಾ, ಒಮ್ಮೊಮ್ಮೆ ಫ್ರಿಜ್ ಮುಟ್ಟಿದ್ರ ಕೈ ಜುಂ ಅಂತೈತಿ," ಎಂದರು.

"ನೀವು ಕರೆಂಟ್ ತಗೊಳ್ಳಾಕತ್ತೀರಲ್ಲ ಅಕ್ಕಾರ, ಹಂಗ ಅನಸ್ತೈತಿ," ಎಂದೆ. ಫ್ರಿಜ್ಜಿನ ಹತ್ತಿರವೂ ಹೋಗಲಿಲ್ಲ.

ಇನ್ನು ರವಿವಾರದ ಮಾತು. ಹತ್ತಿಮತ್ತೂರಿನಿಂದ ಒಬ್ಬ ಹೆಣ್ಣುಮಗಳು ಮಗಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಎಲೆ ಒಯ್ಯಲು ಬಂದಿದ್ದಳು. ಬಸುರಿ ಮೆಲ್ಲುವ ಎಲೆ. ಆಕೆ ಕೈ ಚಾಚಲೂ ಇಲ್ಲ, ಹಿಂದೆಗೆಯಲೂ ಇಲ್ಲ. ಟೇಲರ್ ಅದನ್ನು ನೋಡಿ ಕತ್ತರಿ ಕೆಳಗಿಟ್ಟು ಬಂದ.

"ಅನುಮಾನ ಯಾಕ್ರಿ? ವೈರ್‌ಮನ್ ಇಲ್ಲೇ ಅದಾನಲ್ಲ," ಎಂದು ಕರೆಂಟ್ ಇದ್ದಲ್ಲಿ ದೀಪ ಹೊತ್ತುವ ಟೆಸ್ಟರನ್ನು ನನ್ನ ಅಂಗಿಯ ಜೇಬಿನಿಂದ ಎಳೆದುಕೊಂಡ. "ಅಕ್ಕಾರ, ಕೈ ತರ್ರಿ. ಊರ ಬಾಯಿ ಮುಚ್ಚಿಬಿಡೂಣು."

ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ ಎಂದೇ ನಂಬಿದ್ದೇನೆ. ಅಕ್ಕ ನಕ್ಕರು. "ಹಚ್ಚಿ ನೋಡಪಾ. ಬಿಲ್ ಬಂದ್ರ ನೀನ ತುಂಬಬೇಕ ಮತ್ತ."

ಅವರು ಮರದ ಹಲಗೆಯ ಮೇಲೆ ರಬ್ಬರ್ ಚಪ್ಪಲಿ ಮೆಟ್ಟಿ ನಿಂತಿದ್ದರು. ಟೇಲರ್ ಟೆಸ್ಟರಿನ ತುದಿಯನ್ನು ಅವರ ಬಲ ಮಣಿಕಟ್ಟಿಗೆ ಒತ್ತಿ, ಹಿಂದಿನ ಗುಂಡಿಯ ಮೇಲೆ ಬೆರಳಿಟ್ಟ.

ಟೆಸ್ಟರಿನ ದೀಪ ಹೊತ್ತಿತು. ಮಂಕಾಗಿ, ಕೆಂಪಗೆ. ನಾನು ನೋಡಿದೆ.

ಹತ್ತಿಮತ್ತೂರಿನಾಕೆ "ಯವ್ವಾ!" ಎಂದು ಒಂದು ಹೆಜ್ಜೆ ಹಿಂದೆ ಸರಿದಳು. ಅಕ್ಕನ ನಗು ನಿಂತಿತು. ಆದರೆ ಅವರು ಕೈ ಎಳೆದುಕೊಳ್ಳಲಿಲ್ಲ. ದೀಪವನ್ನು ನೋಡಿದರು, ಆಮೇಲೆ ತಮ್ಮ ಎಡಗೈಯನ್ನು. ಅದನ್ನು ಫ್ರಿಜ್ಜಿನಿಂದ ಎತ್ತಿದರು. ದೀಪ ಆರಿತು. ಮತ್ತೆ ಇಟ್ಟರು. ಹೊತ್ತಿತು. ಎಲೆ ಮಗುಚುವಷ್ಟೇ ನಿಧಾನವಾಗಿ ಎರಡು ಸಲ ಹಾಗೆ ಮಾಡಿದರು.

"ನನ್ನೊಳಗಿಂದಲ್ಲ. ಫ್ರಿಜ್ಜಿಂದು," ಎಂದರು.

"ಅಲ್ಲಿಗೂ ದಾಟೇತಿ ನೋಡ್ರಿ!" ಎಂದ ಟೇಲರ್. "ದಿನಾ ಮುಟ್ಟಿ ಮುಟ್ಟಿ ಫ್ರಿಜ್ಜಿಗೂ ಹತ್ತಿಸ್ಯಾರ. ಹೌದಲ್ಲೋ ವೈರ್‌ಮನ್?"

ಮೂವರೂ ನನ್ನತ್ತ ತಿರುಗಿದರು. ನನಗೆ ಎಲ್ಲವೂ ಗೊತ್ತಾಗಿತ್ತು. ಬೇಸಿಗೆಯಲ್ಲಿ ಆ ಫ್ರಿಜ್ಜಿಗೆ ಪ್ಲಗ್ ಹಾಕಿದವನು ನಾನೇ. ಮೂರು ಪಿನ್ನಿನದು ಚೀಲದಲ್ಲಿರಲಿಲ್ಲವೆಂದು ಎರಡು ಪಿನ್ನಿನದನ್ನು ಹಾಕಿದೆ. ಅರ್ಥಿಂಗಿನ ತಂತಿಯನ್ನು ಮಡಚಿ ಟೇಪು ಸುತ್ತಿ, ಸದ್ಯಕ್ಕೆ ನಡೆಯುತ್ತದೆ ಎಂದುಕೊಂಡೆ. ಒಳಗೆಲ್ಲೋ ತಂತಿ ಸವೆದು ತಗಡಿಗೆ ತಾಗಿದೆ, ಕರೆಂಟ್ ನೆಲಕ್ಕಿಳಿಯಲು ದಾರಿಯಿಲ್ಲ. ಅಕ್ಕ ಒಂದು ದಿನ ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟಿದ್ದರೆ ಅವರು ಉಳಿಯುತ್ತಿರಲಿಲ್ಲ.

ನಾನು ಹೇಳಿದ್ದು ಒಂದೇ ಮಾತು: "ನೋಡಬೇಕ್ರಿ."

ಹತ್ತಿಮತ್ತೂರಿನಾಕೆ ಎಲೆಯ ಕಟ್ಟನ್ನು ಸೆರಗಿನಿಂದ ಹಿಂದಕ್ಕೆ ತಳ್ಳಿದಳು. "ಬಸರಿ ಹೆಣ್ಮಗಳು ತಿನ್ನೂವು. ತಪ್ಪ ತಿಳೀಬ್ಯಾಡ್ರಿ ಅಕ್ಕಾರ," ಎಂದು ಹೊರಟುಹೋದಳು.

ಆ ಮಧ್ಯಾಹ್ನವೇ ಪ್ಲಗ್ ಬದಲಿಸಿದೆ, ಒಳಗಿನ ತಂತಿಯನ್ನೂ. ಅಕ್ಕ ಸ್ಟೂಲಿನ ಮೇಲೆ ಕುಳಿತು ನೋಡಿದರು. ಮುಗಿದ ಮೇಲೆ, "ನಾಳಿಂದ ಹುಬ್ಬಳ್ಳಿಗೆ ಹೋಗೂದಿಲ್ಲ," ಎಂದರು. "ಬಾಯಿ ಉಳಿಸ್ಕೊಳ್ಳಾಕ ಹೋಗಿ ಅಂಗಡಿ ಕಳಕೊಂಡೆ. ಸಾಕ."

ಇನ್ನೂ ಅರ್ಧ ಚಿಕಿತ್ಸೆ ಬಾಕಿಯಿತ್ತು. ನಡುವೆ ಬಿಟ್ಟರೆ ರೋಗ ತಿರುಗಿ ಬರಬಹುದೆಂದು ಡಾಕ್ಟರು ಎಚ್ಚರಿಸಿದ್ದನ್ನು ಅಕ್ಕನೇ ನನಗೆ ಹೇಳಿದ್ದರು. ಆಗ ಬಾಯಿಬಿಟ್ಟೆ. ಪ್ಲಗ್, ಮಡಚಿದ ತಂತಿ, ಟೇಪು, ಎಲ್ಲವನ್ನೂ ಹೇಳಿದೆ.

ಅಕ್ಕ ಹೊಸ ಪ್ಲಗ್ಗನ್ನು ಕಿತ್ತು, ಮಗುಚಿ ನೋಡಿದರು. ಆಮೇಲೆ ಅಂದರು: "ಅವತ್ತು ಕರೆಂಟ್ ತಗೊಂಡ ಮೈ ಅಂದಿ. ಇವತ್ತು 'ನಂದ ತಪ್ಪು' ಅಂತಿ. ನಿನ್ನ ಯಾವ ಮಾತ ನಂಬಲಿ? ನಾಳೆ ಜೋಡಿ ಬಾ. ಆ ಯಂತ್ರಾ ನಡಸೂ ಹುಡುಗೀನ್ನ ಕೇಳೂಣು."

ಸೋಮವಾರ ಯಲವಿಗಿಯಲ್ಲಿ ಹುಬ್ಬಳ್ಳಿಯ ರೈಲು ಹತ್ತಿದೆವು. ಯಂತ್ರ ನಡೆಸುವ ಹುಡುಗಿ ಶಿಗ್ಗಾಂವಿ ಕಡೆಯವಳು. ಅಕ್ಕನ ಮೊದಲ ಪ್ರಶ್ನೆ: "ನನ್ನ ಮಲಗಿಸಿ ನೀವೆಲ್ಲಾ ಹೊರಗ ಹೋಗಿ ಬಾಗಲಾ ಹಾಕ್ಕೋತೀರಿ. ಅಷ್ಟ ಒಳ್ಳೇದಿದ್ರ ನೀವ್ಯಾಕ ಓಡ್ತೀರಿ?"

"ನಿಮಗ ಆರು ವಾರ ಅಷ್ಟರಿ. ನಮಗ ವರ್ಷಗಟ್ಟಲೆ ಇದ ಕೆಲಸ. ರೋಗ ಇಲ್ಲದ ಮೈಗೆ ದಿನಾ ಯಾಕ ಕಿರಣ ತಗೋಬೇಕ್ರಿ?"

ಆ ಉತ್ತರ ಅಕ್ಕನಿಗೆ ಹಿಡಿಸಿತು. ಮುಚ್ಚುಮರೆ ಇರಲಿಲ್ಲವಲ್ಲ. ಹುಡುಗಿ ಮುಂದುವರಿಸಿದಳು. "ಇದಕ್ಕ ಕಣ ಓಡಸೂ ಯಂತ್ರ ಅಂತಾರ್ರಿ. ಒಳಗೊಂದು ಕೊಳವಿ ಐತಿ. ಅದರಾಗ ಎಲೆಕ್ಟ್ರಾನ್ ಅನ್ನೂ ಸಣ್ಣ ಕಣಾನ ತಳ್ಳಿ ತಳ್ಳಿ ಜೋರ ಓಡಸ್ತೇವಿ. ಓಡಿ ಬಂದು ಲೋಹದ ತುಂಡಿಗೆ ಬಡದ್ರ ಕಿರಣ ಹೊಂಡತಾವ. ಹುಣ್ಣಿದ್ದಲ್ಲಿಗೆ ಗುರಿ ಇಟ್ಟು ಬಿಡ್ತೇವಿ. ಸ್ವಿಚ್ ಆರಿಸಿದ್ರ ಮುಗೀತು. ಗ್ವಾಡಿಗೆ ಬ್ಯಾಟರಿ ಬಿಟ್ಟು ಆರಿಸಿದ್ರ ಗ್ವಾಡ್ಯಾಗ ಬೆಳಕ ಉಳೀತೈತೇನ್ರಿ?"

"ಇಲ್ಲ," ಎಂದರು ಅಕ್ಕ, ಯೋಚಿಸಿ.

ಅದೇ ಜಾತಿಯ ಯಂತ್ರಗಳು ಕಾರ್ಖಾನೆಗಳಲ್ಲೂ ದುಡಿಯುತ್ತವೆ ಎಂದಳು. ಸಿರಿಂಜಿನ ರೋಗಾಣು ಕೊಲ್ಲುತ್ತವೆ, ಖಾರದಪುಡಿ ಕೆಡದಂತೆ ಮಾಡುತ್ತವೆ. ಹೊರದೇಶದಲ್ಲಿ ನೆಲದ ಕೆಳಗೆ ಹರದಾರಿಗಟ್ಟಲೆ ಸುತ್ತಿರುವ ದೊಡ್ಡ ಯಂತ್ರವಿದೆಯಂತೆ. ಅಲ್ಲಿ ಕಣಕ್ಕೆ ಕಣ ಡಿಕ್ಕಿ ಹೊಡೆಸಿ, ಈ ಜಗತ್ತು ಯಾವುದರಿಂದ ಆಗಿದೆಯೆಂದು ವಿಜ್ಞಾನಿಗಳು ಹುಡುಕುತ್ತಾರೆ. ಕೊನೆಗೆ ನನ್ನತ್ತ ತಿರುಗಿದಳು. "ಕೆಲವು ವೈರಿನ ಮ್ಯಾಲಿನ ಪ್ಲಾಸ್ಟಿಕ್ ಕಾವಿಗೆ ಕರಗಬಾರದು ಅಂತ ಅದನ್ನೂ ಇಂಥಾ ಯಂತ್ರದ ಮುಂದ ಹಾಯಿಸ್ತಾರ್ರಿ."

ಅಕ್ಕ ನನ್ನ ಚೀಲದಲ್ಲಿದ್ದ ಕೆಂಪು ವೈರಿನ ಸುರುಳಿಯನ್ನು ನೋಡಿದರು. "ಹಂಗಾರ ನಿನ್ನ ವೈರೂ ಕರೆಂಟ್ ತಗೊಂಡದ್ದ? ಅದಕ್ಕ ಯಾರೂ ಟೆಸ್ಟರ್ ಹಚ್ಚಲಿಲ್ಲಲ್ಲ!"

ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕ ಎದ್ದು ಒಳಗೆ ಹೋದರು. ಆರೂ ವಾರ ಮುಗಿಸಿದರು.

ಆ ಸೋಮವಾರ ವಾಪಸು ಬರುವಾಗಲೇ ರೈಲಿನಲ್ಲಿ ಕೇಳಿದ್ದರು: "ಟೇಲರ್‌ಗ ಯಾವಾಗ ಹೇಳ್ತಿ?"

"ಹೇಳ್ತೇನಿ ಅಕ್ಕಾರ."

ಮುಂದಿನ ರವಿವಾರ ಟೇಲರನನ್ನು ಕರೆದು ಅಕ್ಕನ ಕೈಗೆ ಟೆಸ್ಟರ್ ಹಚ್ಚಿ ತೋರಿಸಿದೆ. ಎಡಗೈ ಫ್ರಿಜ್ಜಿನ ಮೇಲೆಯೇ ಇತ್ತು. ದೀಪ ಹೊತ್ತಲಿಲ್ಲ. "ಮೈಯಾಗಿನ ಕರೆಂಟ್ ಇಳದೈತಿ ಬಿಡು. ಎಷ್ಟ ದಿನ ಇದ್ದೀತು?" ಎಂದ ಟೇಲರ್. ನಾನೂ ಅವನ ಜೊತೆ ನಕ್ಕೆ. ಅಲ್ಲಿಗೆ ಬಿಟ್ಟೆ. ಅಕ್ಕ ಒಂದು ಎಲೆಯನ್ನು ಎತ್ತಿ, ಅದರ ಬೆನ್ನು ನೋಡಿ, ಕೆಳಗಿಟ್ಟರು. ಮತ್ತೆ ಎಂದೂ ಕೇಳಲಿಲ್ಲ. ತಾವಾಗಿ ಯಾರಿಗೂ ಹೇಳಲೂ ಇಲ್ಲ. ವೈರ್‌ಮನ್ ಬೇಕೆಂದವರಿಗೆ ನನ್ನನ್ನೇ ತೋರಿಸುವರು: "ಕೆಲಸಾ ಬರತೈತಿ ಅವಗ. ಮುಂದ ನಿಂತು ಮಾಡಿಸ್ಕೋರಿ." ನನ್ನ ಕೈಗೆ ಬಂದ ಅರ್ಧ ಕೆಲಸ ಆ ಮಾತಿನಿಂದ ಬಂದದ್ದು.

ಗಲ್ಲದ ಹುಣ್ಣು ತಿರುಗಿ ಬರಲಿಲ್ಲ. ಹೋದ ವರ್ಷ ಎದೆನೋವು ಬಂದು ಅಕ್ಕ ತೀರಿಕೊಂಡರು. ಮಣ್ಣು ಕೊಡಲು ಬಂದವರಲ್ಲಿ ಕೆಲವರು, "ಕರೆಂಟ್ ತಗೊಂಡಿದ್ರಲ್ಲ, ಅದು ಬಿಟ್ಟೀತೇನ?" ಎಂದು ಪಿಸುಗುಟ್ಟಿದರು. ನಾನು ಅಲ್ಲೂ ಸುಮ್ಮನೆ ನಿಂತಿದ್ದೆ. ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಆ ರವಿವಾರ ನೋಡಿದವರಲ್ಲಿ ಟೇಲರ್ ಇದ್ದಾನೆ, ಅದೇ ಅಂಗಡಿಯಲ್ಲಿ. ಹತ್ತಿಮತ್ತೂರಿನ ಹೆಣ್ಣುಮಗಳು ಇದ್ದಾಳೆ, ಅವಳ ಮೊಮ್ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಕೇಳಿದರೆ ಇಬ್ಬರೂ ಟೆಸ್ಟರ್ ಹೊತ್ತಿದ್ದು ನಿಜ ಎನ್ನುತ್ತಾರೆ. ಅದು ನಿಜವೇ. ಯಾಕೆ ಹೊತ್ತಿತೆಂದು ಬಲ್ಲವರು ಇಬ್ಬರಿದ್ದೆವು. ಈಗ ಉಳಿದವನು ನಾನೊಬ್ಬ.