ಮದುವೆ ಮನೆಯಲ್ಲಿ ಏಳದ ವೈಫೈ

ಪರದೇಶದ ಎವರ್‌ಗ್ರೀನ್ ಬಡಾವಣೆಯಲ್ಲಿ ನಡೆದ ಆ ಮದುವೆಗೆ ಅಡುಗೆ ನನ್ನದೇ, ಇನ್ಯಾರದು? ಉಡುಪಿಯಿಂದ ಬರಲಾಗದ ಮದುಮಗಳ ಅಜ್ಜಿ, ತಾಳಿ ಕಟ್ಟುವುದನ್ನು ಮಂಟಪದಲ್ಲಿಟ್ಟ ಲ್ಯಾಪ್‌ಟಾಪಿನ ವೀಡಿಯೊ ಕರೆಯಲ್ಲಾದರೂ ನೋಡಬೇಕೆಂದು ಕಾದಿದ್ದರು. ಯಾರೋ ಪುಣ್ಯಾತ್ಮರು ಅದನ್ನು ಮುಚ್ಚಿ, ಮೇಲೆ ಅಕ್ಷತೆ ತಟ್ಟೆ ಇಟ್ಟುಬಿಟ್ಟರು. ತೆರೆದಾಗ ಪರದೆ ಎದ್ದಿತು, ವೈಫೈ ಏಳಲಿಲ್ಲ. ಅಜ್ಜಿ ಮಾಯ!

ಅಂತರಪಟದ ಹಿಂದಿನಿಂದ ಮದುಮಗ ಕೂಗಿದ, “ಆ ಲ್ಯಾಪ್‌ಟಾಪಿನ ಲಿನಕ್ಸ್ ಸಾಫ್ಟ್‌ವೇರು ನಿದ್ದೆಯಿಂದ ಎದ್ದರೆ ಹೀಗೇ! ಯಾರಾದರೂ ವೈಫೈ ಆಫ್ ಮಾಡಿ ಆನ್ ಮಾಡಿ!”

ನೆಂಟರ ನಡುವಿದ್ದ ಇಂಜಿನಿಯರುಗಳು ಅದು ಸರಿಯೋ ತಪ್ಪೋ ಎಂದು ವಾದಕ್ಕಿಳಿದರು. ನಾನು ಸೌಟು ಬಿಸಾಕಿ ಓಡಿದ ರಭಸಕ್ಕೆ ಭೂಕಂಪವೆಂದು ಅರ್ಧ ಸಭೆ ಮೇಜಿನಡಿ ಸೇರಿತು. “ಭಟ್ರೇ, ಮಂತ್ರ ಸ್ವಲ್ಪ ಎಳೀರಿ!” ಎನ್ನುತ್ತಾ ಆಫ್ ಮಾಡಿ ಆನ್ ಮಾಡಿದೆ. ಅಜ್ಜಿ ಪ್ರತ್ಯಕ್ಷ!

ತಾಳಿ ಕಟ್ಟಿದ್ದನ್ನು ಅವರು ಕಣ್ತುಂಬ ನೋಡಿದರು. ಅದಕ್ಕೂ ಮೊದಲು ನನ್ನ ಮುಖ ಕಂಡು, “ಅಯ್ಯೋ, ಮದುಮಗ ಇಷ್ಟು ಮುದುಕನಾ ಮಾರಾಯ್ರೇ?” ಅಂದಿದ್ದರು. ನೆಟ್‌ವರ್ಕು ನಾನು ಸರಿಮಾಡಿದ್ದೆ. ಕ್ಯಾಮೆರಾದಲ್ಲೇ ಏನೋ ದೋಷವಿರಬೇಕು.