ಮೂವತ್ತಾರು ಮಂದಿಯ ದಸ್ತರಖಾನ

ಶಹಾಪುರದ ಮನ್ಸೂರಅಲಿ ಮಾಸ್ತರ ಮಾತಿನಲ್ಲಿ ಅರ್ಧ ಸುಳ್ಳು, ಉಳಿದರ್ಧಕ್ಕೆ ಒಗ್ಗರಣೆ ಎಂದು ಊರಿನವರು ಪ್ರೀತಿಯಿಂದಲೇ ಹೇಳುತ್ತಿದ್ದರು. ನೌಕರಿ ಇದ್ದಷ್ಟು ದಿನ ಯಾದಗಿರಿ-ಸುರಪುರ ಬಸ್ಸಿನ ಕಂಡಕ್ಟರು. ಭೀಮಾ ನದಿಗೆ ಮಹಾಪೂರ ಬಂದ ವರ್ಷ ಸೇತುವೆಯ ಮೇಲೆ ಕಿಟಕಿಯಿಂದ ಒಂದು ಮೀನು ಒಳಗೆ ಜಿಗಿದು ಅರ್ಧ ಟಿಕೀಟು ಕೇಳಿತಂತೆ. "ಮೀಸಿ ಬಂದಾವಲೇ ನಿನಗ, ಫುಲ್ ಟಿಕೀಟ ತಗೋ!" ಎಂದನಂತೆ ಇವನು. ಮೀನು ಮುಂದಿನ ಸ್ಟಾಪಿನಲ್ಲಿ ಇಳಿದುಹೋಯಿತಂತೆ. ಹೇಗೆ ಇಳಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಇನ್ನೊಂದು ತಾಸು ಕೂಡಬೇಕಾಗುತ್ತಿತ್ತು.

ನಿವೃತ್ತನಾದ ಮೇಲೆ ಮನೆಯ ಮಾಳಿಗೆಯಲ್ಲಿ ಸಂಜೆ ಹೊತ್ತು ಚಾಪೆ ಹಾಸಿ, ಪೊಲೀಸ್, ಪಿಡಿಒ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರಿಗೆ ಲೆಕ್ಕ ಹೇಳಿಕೊಡತೊಡಗಿದ. ಅಂಕಿಗಳ ಒಗಟು, ಅಪವರ್ತನ, ಭಾಗಾಕಾರದ ಸೂತ್ರ ಇಷ್ಟೇ ಅವನ ರಾಜ್ಯ. "ಎರಡಂಕಿಯ ಸಂಖ್ಯೆ. ಅಂಕಿ ಕೂಡಿಸಿದರೆ ಹನ್ನೊಂದು. ತಿರುವಿ ಬರೆದರೆ ಇಪ್ಪತ್ತೇಳು ಹೆಚ್ಚು" ಎಂದು ಪುಸ್ತಕ ಹೇಳಿದರೆ, ಇವನು "ಗಂಡ ಹೇಂತಿ ಸೀಟ ಬದಲಿ ಮಾಡ್ಯಾರ, ಬಸ್ಸಿನ ತೂಕ ಇಪ್ಪತ್ತೇಳು ಏರ್ಯಾದ. ದಪ್ಪ ಯಾರು?" ಎನ್ನುತ್ತಿದ್ದ. ಮಕ್ಕಳು ನಗುತ್ತಲೇ ನಲವತ್ತೇಳು ಎಂದು ಬರೆಯುತ್ತಿದ್ದರು.

ಅವನ ಹೆಸರುವಾಸಿ ಸೂತ್ರವೊಂದಿತ್ತು. ಅವನ ಜನರ ಮದುವೆಯೂಟದಲ್ಲಿ ಹಿರಿಯರು ಒಂದು ತಾಟಿಗೆ ನಾಲ್ವರು, ಹುಡುಗರು ದೊಡ್ಡ ಪರಾತಕ್ಕೆ ಆರು ಮಂದಿ ಸುತ್ತ ಕೂತು ಉಣ್ಣುತ್ತಾರೆ. ನೆಲಕ್ಕೆ ಹಾಸುವ ಊಟದ ಬಟ್ಟೆ, ಅಂದರೆ ಒಂದು ದಸ್ತರಖಾನಕ್ಕೆ, ಇಪ್ಪತ್ತನಾಲ್ಕು ಮಂದಿ. ಊರಿನ ಲಗ್ನಗಳಲ್ಲಿ ಸಾಲು ಕೂಡಿಸುವವನು ಮನ್ಸೂರಅಲಿಯೇ. "ನಾಕರ ತಾಟಿಗೂ ಸರಿಹೋಗಿ ಆರರ ಪರಾತಕ್ಕೂ ಸರಿಹೋದ ಮಂದಿ, ಇಪ್ಪತ್ನಾಕರ ದಸ್ತರಖಾನಕ್ಕ ಹೊಂದೇ ಹೊಂದತಾರ. ನಾಕ ಆರ್ಲೆ ಇಪ್ಪತ್ನಾಕು! ಕಣ್ಣ ಮುಚ್ಚಿ ಟಿಕ್ ಹೊಡೀರಿ."

ಒಂದು ಸಂಜೆ ವಡಗೇರಾದಿಂದ ಬರುತ್ತಿದ್ದ ಸಮ್ರೀನ್ ಕೈ ಎತ್ತಿದಳು. "ಸರ್, ಹನ್ನೆರಡ ಮಂದಿ ಬಂದ್ರ? ನಾಕರಾಗೂ ಹೊಂದತಾರ, ಆರರಾಗೂ ಹೊಂದತಾರ. ಇಪ್ಪತ್ನಾಕ ಎಲ್ಲಿಂದ ಆಗತಾರ್ರಿ?"

ಮಾಸ್ತರನ ನಾಲಿಗೆಗೆ ಬ್ರೇಕು ಇರಲಿಲ್ಲ. "ಹನ್ನೆರಡ ಮಂದಿ ಬಂದ್ರ ಅದು ಲಗ್ನ ಅಲ್ಲ ಬೇಟಾ, ಹೆಣ್ಣ ನೋಡೂ ಕಾರ್ಯ. ನಿಮ್ಮ ಮನಿಗೇ ಕಳಸ್ತೀನಿ ತಡಿ!"

ಮಾಳಿಗೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸಮ್ರೀನ್ ಕೈ ಇಳಿಸಿದಳು. ಮತ್ತೆಂದೂ ಎತ್ತಲಿಲ್ಲ.

ಪರೀಕ್ಷೆ ಯಾದಗಿರಿಯಲ್ಲಿ ಆಯಿತು. ಫಲಿತಾಂಶ ಬಂದಾಗ ಸಮ್ರೀನ್‌ಗೆ ಒಂದೇ ಅಂಕ ಕಡಿಮೆ. ಅವಳು ಕ್ಲಾಸಿಗೆ ಬರುವುದನ್ನು ಬಿಟ್ಟಳು. ಅವಳ ಗೆಳತಿ ಸೌಭಾಗ್ಯ ಹೇಳಿದಳು: "ಇನ್ನ ಬರಂಗಿಲ್ಲಂತ್ರಿ ಸರ್. ಲೆಕ್ಕ ನನ್ನ ತಲಿಗೆ ಹತ್ತಂಗಿಲ್ಲ, ಮುಂದಿನ ಪರೀಕ್ಷೆನೂ ಬರ್ಯಾಂಗಿಲ್ಲ ಅಂದಾಳ." ಮಾಸ್ತರ ಆಗ ಛೇ ಎಂದು ತಲೆ ಕೊಡವಿ ಮುಂದಿನ ಲೆಕ್ಕಕ್ಕೆ ಹೋಗಿದ್ದ.

ಅದಾದ ಮೇಲೆ ಬಂತು ಓಣಿಯ ಫಿರ್ದೌಸಳ ಮದುವೆ. ವರನ ಕಡೆಯ ಒಂದು ತಂಡ ಊಟಕ್ಕೆ ಬಂದು ನಿಂತಿತು, ಮೂವತ್ತಾರು ಮಂದಿ. ಮನ್ಸೂರಅಲಿ ಜಂಬದಿಂದ ಎಣಿಸಿದ. ನಾಲ್ಕರಂತೆ ಒಂಬತ್ತು ತಾಟು, ಆರರಂತೆ ಆರು ಪರಾತ. ಎರಡೂ ಸರಿ. ಕೂಡಿಸಿದರೆ ಒಂದು ದಸ್ತರಖಾನ ತುಂಬಿತು, ಇನ್ನೊಂದು ಅರ್ಧಕ್ಕೆ ನಿಂತಿತು. ಹನ್ನೆರಡು ಜಾಗ ಖಾಲಿ.

"ಅಲ್ಲಾಬಕ್ಷ, ಇದ್ಯಾಕ ಹಿಂಗ?" ಎಂದು ಅಡುಗೆಯವನನ್ನು ಕೇಳಿದ.

ಅಲ್ಲಾಬಕ್ಷ ಸವುಟು ಹಿಡಿದೇ ನಕ್ಕ. "ಯಾವಾಗಲೂ ಹಿಂಗೇ ಅಲ್ಲೇನು ಚಾಚಾ? ದಸ್ತರಖಾನ ತುಂಬದ ಬಡಸಾಂಗಿಲ್ಲಂತ ನಾನೇ ಓಣಿ ಮಂದೀನ ಕರದು ತುಂಬಸ್ತಿದ್ದೆ. ಇವತ್ತ ಮರತೀನಿ."

ಮನ್ಸೂರಅಲಿ ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು ಖಾಲಿ ಜಾಗಗಳನ್ನು ಮತ್ತೊಮ್ಮೆ ಎಣಿಸಿದ. ಇಷ್ಟು ವರ್ಷ ಅವನು ಗಣಿತವೆಂದು ನಂಬಿದ್ದು ಅಡುಗೆಯವನ ಮರ್ಯಾದೆಯಾಗಿತ್ತು! ನಾಲ್ಕಕ್ಕೂ ಆರಕ್ಕೂ ಸರಿಹೋದದ್ದು ಹೊಂದುವುದು ಹನ್ನೆರಡಕ್ಕೆ, ಇಪ್ಪತ್ತನಾಲ್ಕಕ್ಕಲ್ಲ. ಹುಡುಗಿ ಹೇಳಿದ್ದೂ ಹನ್ನೆರಡೇ. ಸೌಭಾಗ್ಯಳನ್ನು ಹುಡುಕಿ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಿತ್ತೇ ಎಂದು ಕೇಳಿದ. ಬಂದಿತ್ತು.

ಮರುದಿನವೇ ವಡಗೇರಾ ಬಸ್ಸು ಹತ್ತಿದ. ಸಮ್ರೀನಳ ತಾಯಿ ಮಸ್ತಾನಬಿ ಚಹಾ ಕೊಟ್ಟಳು. ಎಂದೂ ಮಾತು ತಡವರಿಸದವನು ಬಂದ ಕೆಲಸ ಬಿಟ್ಟು ಮೀನಿನ ಕಥೆ ಹೇಳಿದ, ಮೆಣಸಿನಕಾಯಿ ಚೀಲದ ಮೇಲೆ ಮಲಗಿ ಸೀನಿ ಸೀನಿ ಬಸ್ಸನ್ನೇ ಮುಂದೆ ತಳ್ಳಿದ ಪೈಲವಾನನ ಕಥೆ ಹೇಳಿದ. ಮಸ್ತಾನಬಿ ಸೆರಗು ಬಾಯಿಗಿಟ್ಟು ನಕ್ಕಳು. ಸಮ್ರೀನ್ ನಗಲಿಲ್ಲ. ಚಹಾ ಕಪ್ಪಿನ ತಳ ಕಂಡ ಮೇಲೆ ಹೇಳಲು ಬೇರೇನೂ ಉಳಿಯಲಿಲ್ಲ.

"ಬೇಟಾ, ನಾ ಕಲ್ಸಿದ್ದು ತಪ್ಪು. ನೀ ಕೇಳಿದ್ದು ಖರೆ ಇತ್ತು."

"ಗೊತ್ತೈತ್ರಿ" ಎಂದಳು ಸಮ್ರೀನ್. "ಪರೀಕ್ಷೆದಾಗ ಮಾಡಿ ನೋಡೀನಿ, ಹನ್ನೆರಡೇ ಬಂತು. ಆಮ್ಯಾಲ ನೀವು ನಕ್ಕಿದ್ದು ನೆನಪಾತು. ಅಷ್ಟ ಮಂದಿ ನಕ್ಕಾರಂದ್ರ ನಂದೇ ಎಲ್ಲೋ ತಪ್ಪೈತಿ ಅಂತ ಇಪ್ಪತ್ನಾಕಕ್ಕ ಟಿಕ್ ಹೊಡದು ಬಂದೆ."

ತಪ್ಪು ಸೂತ್ರಕ್ಕೆ ಕ್ಷಮೆ ಕೇಳಲು ಬಂದವನಿಗೆ ತನ್ನ ಅಪರಾಧ ಸೂತ್ರವಲ್ಲ, ನಗು ಎಂದು ಆಗ ತಿಳಿಯಿತು.

"ಮತ್ತ ಬರ್ತೀಯೇನು? ಪರೀಕ್ಷೆ ಬರೀಬೇಕು ನೀನು."

"ನಕ್ಕಿದ್ದು ಎಲ್ಲಾರ ಮುಂದ, ತಪ್ಪಂತ ಹೇಳೂದು ನಮ್ಮ ಪಡಸಾಲ್ಯಾಗ. ಇದ್ಯಾವ ಲೆಕ್ಕರಿ ಸರ್?"

ಮಸ್ತಾನಬಿ "ಏ, ಹಿರಿಯಾರಿಗೆ ಹಂಗಂತಾರೇನು!" ಎಂದು ಗದರಿದಳು. ಮನ್ಸೂರಅಲಿ ಕೈ ಅಡ್ಡ ಹಿಡಿದ. "ಅನ್ಲಿ ಬಿಡವ್ವಾ. ಬಾ ಬೇಟಾ, ಎಲ್ಲಾರ ಮುಂದ ಹೇಳ್ತೀನಿ."

ಆ ಸಂಜೆ ಸಮ್ರೀನ್ ಕ್ಲಾಸಿನ ಬಾಗಿಲ ಬಳಿ ಚಪ್ಪಲಿ ಬಿಡದೆ ನಿಂತಳು. ಮಾಸ್ತರ ಹಲಗೆಯ ಮುಂದೆ ನಿಂತು ಹೇಳಿದ: "ನಾಕು ಆರು ಇಪ್ಪತ್ನಾಕರ ಸೂತ್ರ ಸುಳ್ಳು. ಈಕಿ ಹೇಳಿದ್ದು ಖರೆ. ನಾ ನಕ್ಕಿದ್ದು ದೊಡ್ಡ ತಪ್ಪು."

ಎಲ್ಲರೂ ಕಿಲಕಿಲ ನಕ್ಕರು. ಬಸವಕುಮಾರ ಎಂಬ ತುಂಟ ಕೂಗಿದ: "ಮೀನ ಯಾವಾಗ ಬರತೈತ್ರಿ ಸರ್ ಈ ಕಥ್ಯಾಗ?"

ಜೀವನವಿಡೀ ಸುಳ್ಳು ಹೇಳಿ ನಗಿಸಿದವನು ಮೊದಲ ಸಲ ಖರೆ ಹೇಳಿದಾಗ ಒಬ್ಬರೂ ನಂಬಲಿಲ್ಲ. ಅವನು ಸೀಮೆಸುಣ್ಣವನ್ನು ಸಮ್ರೀನಳ ಕಡೆ ಚಾಚಿದ. ಕಣ್ಣು ತುಂಬಿಕೊಂಡಿತು. ಒಬ್ಬೊಬ್ಬರೇ ನಗು ನಿಲ್ಲಿಸಿದರು. ಸಮ್ರೀನ್ ಚಪ್ಪಲಿ ಬಿಟ್ಟು ಒಳಗೆ ಬಂದು, ಸೀಮೆಸುಣ್ಣ ತೆಗೆದುಕೊಂಡು, ಹಲಗೆಯ ಮೇಲೆ ಮೂವತ್ತಾರನ್ನು ಮೊದಲು ನಾಲ್ಕರಿಂದ, ಆಮೇಲೆ ಆರರಿಂದ, ಕಡೆಗೆ ಇಪ್ಪತ್ತನಾಲ್ಕರಿಂದ ಭಾಗಿಸಿದಳು. ಶೇಷ ಹನ್ನೆರಡು ಉಳಿಯಿತು.

"ಅಂದ್ರ ನಮ್ಮಣ್ಣಗೂ ಇದನ್ನೇ ಕಲ್ಸಿದ್ರಲ್ರಿ?" ಎಂದ ಬಸವಕುಮಾರ, ಈ ಸಲ ನಗದೆ. "ಅಂವಾ ಎರಡ ಸಲ ಬರದು, ಫೇಲಾಗಿ ಬಿಟ್ಟಾನ. ದೇವಾಪುರದಾಗ ಹೊಲ ಮಾಡಾಕತ್ತಾನ."

ಪಾಸಾದವರು ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಖಾಕಿ ಹಾಕಿಕೊಂಡು ಸಲಾಮು ಹೊಡೆಯುತ್ತಿದ್ದರು. ಆಗದವರು ಯಾಕೆ ಎದುರಿಗೇ ಬರುತ್ತಿಲ್ಲ ಎಂದು ಮಾಸ್ತರ ಒಂದು ದಿನವೂ ಯೋಚಿಸಿರಲಿಲ್ಲ.

ಸಮ್ರೀನ್ ಈಗ ದಿನಾ ಬರುತ್ತಾಳೆ, ಮುಂದಿನ ಸಾಲಿನಲ್ಲೇ ಕೂಡುತ್ತಾಳೆ, ಮಾಸ್ತರನ ಪ್ರತಿ ಸೂತ್ರಕ್ಕೂ "ಯಾಕ್ರಿ?" ಎನ್ನುತ್ತಾಳೆ. ರವಿವಾರ ಮಾತ್ರ ಕ್ಲಾಸಿಲ್ಲ. ಅಂದು ಮನ್ಸೂರಅಲಿ ಬೆಳಗಿನ ಬಸ್ಸಿಗೆ ದೇವಾಪುರಕ್ಕೋ ಬೋನಾಳಕ್ಕೋ ಹೋಗಿ, ಫೇಲಾಗಿ ಬಿಟ್ಟ ಹಳೆಯ ಶಿಷ್ಯನೊಬ್ಬನ ಮನೆಯ ಮುಂದೆ ನಿಂತು, ಕಥೆಯಿಲ್ಲದೆ ಮಾತು ಶುರುಮಾಡುವುದು ಹೇಗೆಂದು ಒದ್ದಾಡುತ್ತಿರುತ್ತಾನೆ.