ಕತ್ತರಿಸಿದ ತುಂಡಿನ ಹಿಂಬದಿ

ಮೊನ್ನೆ ಹಳೆಯ ನೋಟ್‌ಬುಕ್ ತೆರೆದಾಗ ಕಾಗದದ ತುಂಡೊಂದು ಕಳಚಿ ತೊಡೆಯ ಮೇಲೆ ಬಿತ್ತು. ಮೈದಾ ಅಂಟು ಒಣಗಿ ಪುಡಿಯಾಗಿತ್ತು. ಆ ನೋಟ್‌ಬುಕ್ಕಿನ ತುಂಬ ಪತ್ರಿಕೆ ನೋಡಿ ಕೈಯಾರೆ ಬರೆದುಕೊಂಡ ಚದುರಂಗದ ಸಮಸ್ಯೆಗಳೇ: ‘ಬಿಳಿ ಕಾಯಿಗಳ ಸರದಿ, ಎರಡೇ ನಡೆಯಲ್ಲಿ ರಾಜನನ್ನು ಕಟ್ಟಿಹಾಕಿ.’ ಹತ್ತನೆಯ ಇಯತ್ತೆಗೆ ನಿಂತ ನನ್ನ ಓದಿಗೆ ಇದೇ ಪದವಿ ಎಂದು ಬೀಗುತ್ತಿದ್ದೆ. ಈಗ ನೋಡಿದರೆ ಮೈ ಉರಿಯುತ್ತದೆ, ನನ್ನ ಮೇಲೆಯೇ.

ಎಂಬತ್ತರ ದಶಕದ ಮಾತು. ಇಳಕಲ್ಲಿನ ನಮ್ಮ ವಾಚನಾಲಯಕ್ಕೆ ಆ ಪತ್ರಿಕೆಯ ಒಂದೇ ಪ್ರತಿ ಬರುತ್ತಿತ್ತು; ನಮ್ಮ ಓಣಿಗಳಲ್ಲಿ ಬೇರೆ ಯಾರೂ ಅದನ್ನು ತರಿಸುತ್ತಿರಲಿಲ್ಲ. ಭಾನುವಾರ ನಾನು ಸಮಸ್ಯೆಯ ಮುಂದೆ ತಾಸುಗಟ್ಟಲೆ ಕೂರುತ್ತಿದ್ದೆ. ಗೆಳೆಯ ಹುಸೇನ ಮಗ್ಗದಿಂದ ಎದ್ದು ಬಂದವನು ಚಪ್ಪಲಿ ಕಳೆಯುವ ಮುಂಚೆಯೇ ಬಿಡಿಸುತ್ತಿದ್ದ.

“ಲೇ, ಮಂತ್ರಿನ ಕೊಟ್ಟಬಿಡು. ಆಮ್ಯಾಲ ಕುದುರಿ ಹಾರಸು, ಮುಗೀತು. ನಿನಗ ಕೊಡಾಕ ಜೀವಾ ಬರೂದಿಲ್ಲ ನೋಡು.”

ಸುತ್ತಲಿದ್ದವರು ನಗುತ್ತಿದ್ದರು. ಆ ನಗು ನನಗೆ ವಾರವಿಡೀ ಚುಚ್ಚುತ್ತಿತ್ತು. ಒಂದು ಭಾನುವಾರ ಅವನು ಬರುವ ಮುನ್ನ ಸಮಸ್ಯೆಯನ್ನೇ ಬ್ಲೇಡಿನಿಂದ ಕತ್ತರಿಸಿ ಕಿಸೆಗಿಟ್ಟೆ. ಎಂಥ ಜಾಣತನ ನೋಡಿ: ಬಿಡಿಸಲಾಗದವನು ಬ್ಲೇಡು ಹಿಡಿದ.

ಹುಸೇನ ಅಂದು ಚದುರಂಗದ ಸುದ್ದಿಯನ್ನೇ ಎತ್ತಲಿಲ್ಲ. ಪುಟ ತಿರುವುತ್ತ ಬಂದವನು ಆ ತೂತಿನ ಮೇಲೆ ಬೆರಳಿಟ್ಟು ನಿಂತ.

“ಗುಮಾಸ್ತರ ನೌಕರಿ ಜಾಹೀರಾತು ಇವತ್ತ ಬರ್ತೈತಿ ಅಂದಿದ್ರು. ವಯಸ್ಸು ಮೀರೂದ್ರಾಗ ನನಗ ಇದೊಂದ ಉಳದಿತ್ತು. ಯಾರ ಕತ್ತರಿಸ್ಯಾರಲೇ?”

“ಯಾರಿಗ್ಗೊತ್ತು,” ಎಂದೆ.

ಮನೆಗೆ ಬಂದು ತುಂಡನ್ನು ತಿರುವಿದೆ. ಹಿಂದೆ ಅದೇ ಜಾಹೀರಾತು. ಓಡಿಹೋಗಿ ಕೊಡಬಹುದಿತ್ತು, ಅವನ ಮನೆ ಹಿಂದಿನ ಓಣಿಯಲ್ಲೇ. ಕೊಟ್ಟರೆ ಕಳ್ಳ ನಾನೆಂದು ತಿಳಿಯುತ್ತಿತ್ತು. ನೌಕರಿಯ ಬದಿಗೇ ಅಂಟು ಸವರಿ, ನೋಟ್‌ಬುಕ್ಕಿಗೆ ಒತ್ತಿ, ಮೇಲೊಂದು ಗುದ್ದಿದೆ. ಹುಸೇನ ಮಗ್ಗದಲ್ಲೇ ಮುದುಕನಾದ. ಮಗ್ಗ ಕೀಳೆಂದು ಹೇಳುತ್ತಿಲ್ಲ. ಇರುವುದೋ ಬಿಡುವುದೋ, ಆ ನಡೆ ಅವನದಾಗಿತ್ತು. ನಾನು ಕದ್ದೆ.

ನಿನ್ನೆ ಆ ತುಂಡು ಹಿಡಿದು ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಹುಸೇನ ಕನ್ನಡಕ ಹಾಕಿಕೊಂಡು ಮಾಸಿದ ಜಾಹೀರಾತನ್ನು ಕೊನೆಯ ಸಾಲಿನವರೆಗೂ ಓದಿದ. ಆಮೇಲೆ ತಿರುವಿ ಸಮಸ್ಯೆ ನೋಡಿದ.

“ಇದನ್ನರ ಬಿಡಿಸಿದ್ಯಾ?”

“ಇಲ್ಲ.”

“ಆನಿ ಕೊಡಬೇಕಿತ್ತು. ನಿನಗ ಕೊಡಾಕ ಇಷ್ಟ ವರ್ಷ ಬೇಕಾತು.” ತುಂಡನ್ನು ಮಡಚಿ ತನ್ನ ಕಿಸೆಗಿಟ್ಟುಕೊಂಡ. “ಇದು ನಂದು. ನೀ ಎದ್ದು ಹೋಗು.”

ಎದ್ದು ಬಂದೆ. ನೋಟ್‌ಬುಕ್ಕಿನ ಆ ಪುಟದಲ್ಲೀಗ ಅಂಟಿನ ಕಂದು ಚೌಕವಷ್ಟೇ ಉಳಿದಿದೆ. ಅದರ ಮೇಲೆ ಬೇರೇನನ್ನೂ ಅಂಟಿಸುವುದಿಲ್ಲ.